ಕಿವಿಯ ಹಿಂದಿನ ಹೆಸರು

ಕಿವುಡರ ಮನೆ ಎಂದರೆ ತಣ್ಣಗೆ, ನಿಶ್ಶಬ್ದವಾಗಿ ಇರುತ್ತದೆ ಎಂದುಕೊಂಡವರು ಒಮ್ಮೆ ಆ ಅಕ್ಕತಂಗಿಯರ ಮನೆಗೆ ಹೋಗಬೇಕಿತ್ತು. ಪಾತ್ರೆ ಇಟ್ಟರೆ ಢಣ್, ಬಾಗಿಲು ಹಾಕಿದರೆ ಧಡಾರ್, ಒಬ್ಬಳು ಇನ್ನೊಬ್ಬಳ ಮೇಲೆ ಸಿಟ್ಟಾದರೆ ಕುರ್ಚಿ ಎಳೆಯುವ ಸದ್ದಿಗೆ ಗೋಡೆಯೇ ನಡುಗಬೇಕು. ಕೆಳಗಿನ ಮನೆಯವರು ಜಗಳವಾಡಿ ಜಗಳವಾಡಿ ಸುಸ್ತಾಗಿ, ಕೊನೆಗೆ ಕಿವಿಗೆ ಹತ್ತಿ ಇಟ್ಟುಕೊಂಡು ತೆಪ್ಪಗಾದರು. "ಕಿವಿ ಕೇಳಿಸದೋರು ನಾವು, ಹತ್ತಿ ಇಟ್ಕೊಳ್ಳೋರು ಅವರು!" ಎಂದು ಅಕ್ಕ ಕೈಯಾಡಿಸಿ ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಇಬ್ಬರೂ ಕಾಜಾ ಹಾಕುವವರು. ದರ್ಜಿ ಅಂಗಡಿಯಲ್ಲಿ ಕೋಟು ಹೊಲಿದು ಮುಗಿದ ಮೇಲೆ ಗುಂಡಿ ತೂರಿಸಲು ಬಟ್ಟೆ ಸೀಳಿ, ಸೀಳಿದ ಅಂಚು ಬಿಚ್ಚಿಕೊಳ್ಳದಂತೆ ಮೇಣ ಸವರಿದ ದಾರದಿಂದ ಒತ್ತೊತ್ತಾಗಿ ಹೆಣೆಯುವ ಕೆಲಸ. ಅದಕ್ಕೆ ಮೆಷಿನ್ ಬಂದು ಯಾವ ಕಾಲವಾಯಿತೋ. ಆದರೂ ದುಬಾರಿ ಕೋಟು ಹೊಲಿಸುವ ಕೆಲವರಿಗೆ ಕೈ ಕಾಜಾನೇ ಆಗಬೇಕು. ಅವರ ಆ ಹಟದಿಂದ ಈ ಇಬ್ಬರ ಹೊಟ್ಟೆ ತುಂಬುತ್ತಿತ್ತು. ಟೇಲರ್ ಮಾಸ್ಟರು ಅಕ್ಕನಿಗೆ ದೊಡ್ಡ ಕಾಜಾ ಎಂದೂ ತಂಗಿಗೆ ಚಿಕ್ಕ ಕಾಜಾ ಎಂದೂ ಹೆಸರಿಟ್ಟಿದ್ದರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಕಿಟಕಿಗೆ ತಾಗಿದಂತೆ ಒಂದು ಬೆಂಚು. ಅದರ ಮೇಲೆ ಇಬ್ಬರೂ ತೊಡೆಗೆ ತೊಡೆ ಒತ್ತಿಕೊಂಡು ಕೂರುತ್ತಿದ್ದರು. "ಇಷ್ಟು ಜಾಗ ಇದೆ, ಸ್ವಲ್ಪ ದೂರ ಕೂತ್ಕೊಳ್ರಮ್ಮ" ಎಂದು ಮಾಸ್ಟರು ಕೈಸನ್ನೆಯಲ್ಲಿ ಹೇಳಿ ಹೇಳಿ ಸಾಕಾಗಿ ಕೈಬಿಟ್ಟರು.

ನಾನು ಹೇಳಹೊರಟಿರುವುದು ಚಿಕ್ಕ ಕಾಜಾಳ ವಿಷಯ. ಕಾಗದಪತ್ರದಲ್ಲಿ ಅವಳಿಗೊಂದು ಹೆಸರಿತ್ತು, ಹೆತ್ತವರು ಆಸೆಪಟ್ಟು ಇಟ್ಟದ್ದು. ಇಟ್ಟ ಮೇಲೆ ತಾನೇ ಗೊತ್ತಾದದ್ದು, ಎಷ್ಟು ಕೂಗಿದರೂ ಮಗು ತಿರುಗುವುದಿಲ್ಲ ಎಂದು. ದೊಡ್ಡ ಮಗಳೂ ಹಾಗೇ ಇದ್ದಳು, ಚಿಕ್ಕವಳಾದರೂ ಕೇಳಿಸಿಕೊಂಡಾಳು ಎಂದು ಕಾದಿದ್ದ ತಾಯಿ ಆಮೇಲೆ ಆ ಹೆಸರನ್ನು ಕೂಗುವುದನ್ನೇ ಬಿಟ್ಟಳು. ಹೀಗಾಗಿ ಆ ಹೆಸರು ಕಾಗದದಲ್ಲೇ ಉಳಿಯಿತು. ಮಾಸ್ಟರು ಇಟ್ಟದ್ದು ಅಂಗಡಿಯ ಗಿರಾಕಿಗಳ ಬಾಯಲ್ಲಿತ್ತು. ಇವಳು ತನ್ನದು ಎಂದುಕೊಂಡಿದ್ದ ಹೆಸರು ಬೇರೆಯೇ. ಅದನ್ನು ಇಟ್ಟವಳು ಅಕ್ಕ.

ಆ ಕಾಲದ ಕಿವುಡು ಮಕ್ಕಳ ಶಾಲೆಯ ಸಂಗತಿ ಹೇಳಿದರೆ ಈಗಿನವರು ಮೂಗಿನ ಮೇಲೆ ಬೆರಳಿಡುತ್ತಾರೆ. ಅಲ್ಲಿ ಸನ್ನೆ ಮಾಡಕೂಡದು. ಸನ್ನೆ ಮಾಡುವ ಮಗು ಬಾಯಿಂದ ಮಾತಾಡಲು ಕಲಿಯುವುದಿಲ್ಲ ಎಂಬುದು ದೊಡ್ಡವರೆಲ್ಲ ಸೇರಿ ಮಾಡಿದ್ದ ತೀರ್ಮಾನ. ಟೀಚರ ತುಟಿ ನೋಡಬೇಕು, ಗಂಟಲಿನಿಂದ ಏನೋ ಒಂದು ಹೊರಡಿಸಬೇಕು, ಹೊರಟದ್ದು ಸರಿಯೋ ತಪ್ಪೋ ಅವರ ಮುಖ ನೋಡಿ ತಿಳಿಯಬೇಕು. ಕೈ ಎರಡೂ ಡೆಸ್ಕಿನ ಮೇಲೆ, ಅಂಗೈ ಕೆಳಗೆ. ಎದ್ದಿತೋ, ಸ್ಕೇಲಿನ ಏಟು. ಮಕ್ಕಳ ಕೈ ಕಟ್ಟಬಹುದು, ಮಾತು ಕಟ್ಟಲು ಆಗುತ್ತದೆಯೇ? ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಅಕ್ಕತಂಗಿ ಡೆಸ್ಕಿನ ಕೆಳಗೆ ಮಾತಾಡಲು ಶುರುಮಾಡಿದರು. ಮೊಣಕಾಲಿನಿಂದ ಒಂದು ತಳ್ಳು ಎಂದರೆ 'ಅಲ್ಲಿ ನೋಡು'. ಪಾದದ ಮೇಲೆ ಪಾದ ಇಟ್ಟರೆ 'ಸುಮ್ಮನಿರು'. ಮೊಣಕೈ ಒತ್ತಿ ಹಿಡಿದರೆ 'ಈ ಮನುಷ್ಯ ಸುಳ್ಳು ಹೇಳ್ತಿದ್ದಾನೆ'. ಒಬ್ಬಳು ಒತ್ತಿದ್ದಕ್ಕೆ ಇನ್ನೊಬ್ಬಳು ತಿರುಗಿ ಒತ್ತಿದರೇನೇ ಮಾತು ಪೂರ್ತಿ. ಒಬ್ಬಳೇ ಕೂತು ಅದನ್ನು ಆಡಲು ಬರುತ್ತಿರಲಿಲ್ಲ.

ಒಂದು ದಿನ ಬಾಯಿಂದ ಬರಬೇಕಾದ ಸದ್ದು ಬರಲಿಲ್ಲವೆಂದು ಟೀಚರು ಚಿಕ್ಕವಳ ಕಿವಿ ಹಿಂಡಿದರು. ಕೇಳಿಸದ ಕಿವಿಯನ್ನು ಹಿಂಡಿ ಏನು ಸುಖ ಕಂಡರೋ ಆ ಮಹಾತಾಯಿ! ಮಗು ತುಟಿ ಕಚ್ಚಿಕೊಂಡು ಬಂದು ಕೂತಿತು. ಟೀಚರು ಬೋರ್ಡಿನ ಕಡೆ ತಿರುಗಿದ್ದೇ ತಡ, ಅಕ್ಕ ಎರಡು ಬೆರಳನ್ನು ತಂಗಿಯ ಕಿವಿಯ ಹಿಂದೆ ಇಟ್ಟು, ಉರಿಯುತ್ತಿದ್ದ ಜಾಗವನ್ನು ಮೆಲ್ಲಗೆ ಒತ್ತಿ, ಹಾಗೇ ಕತ್ತಿನವರೆಗೆ ನೇವರಿಸಿ ಇಳಿಸಿದಳು. ಮಗು ತಿರುಗಿ ನೋಡಿತು. ಅಕ್ಕ ಹೇಳಬೇಕಾದ್ದನ್ನು ಹೇಳಿ ಆಗಿತ್ತು. ಅಂದಿನಿಂದ ಅದೇ ತಂಗಿಯ ಹೆಸರು. ಮದುವೆಯಾದಳು, ಮಗಳನ್ನು ಹೆತ್ತಳು, ಗಂಡನನ್ನು ಕಳೆದುಕೊಂಡಳು, ಮದುವೆಯ ಗೋಜಿಗೇ ಹೋಗದ ಅಕ್ಕ ಗಂಟುಮೂಟೆ ಕಟ್ಟಿಕೊಂಡು ಬಂದು ಜೊತೆಗೆ ನಿಂತಳು, ಇಬ್ಬರ ಕೂದಲೂ ಬೆಳ್ಳಗಾದವು. ಬೆರಳು ಕಿವಿಯ ಹಿಂದೆ ಬಿದ್ದರೆ ಮಾತ್ರ ಚಿಕ್ಕ ಕಾಜಾ ಎಂಥ ಕೆಲಸದ ನಡುವೆಯೂ ತಿರುಗುತ್ತಿದ್ದಳು. ಅಕ್ಕನಿಗೂ ಹಾಗೇ ಒಂದು ಹೆಸರಿತ್ತು. ಮಣಿಕಟ್ಟಿನ ಒಳಗಡೆ ಹೆಬ್ಬೆರಳಿನಿಂದ ಒಂದು ಒತ್ತು.

ಡೆಸ್ಕಿನ ಕೆಳಗಿನ ಆ ಮಾತು ಅಂಗಡಿಯ ಬೆಂಚಿನಲ್ಲಿ ಚೆನ್ನಾಗಿ ಉಪಯೋಗಕ್ಕೆ ಬಂತು. ಕೈಯಲ್ಲಿ ಸೂಜಿ ಹಿಡಿದಾಗ ಸನ್ನೆ ಮಾಡುವುದು ಹೇಗೆ? ಮೊಣಕಾಲು, ಮೊಣಕೈ, ಭುಜ ಬಿಡುವಾಗಿಯೇ ಇರುತ್ತಿದ್ದವಲ್ಲ. ಗಿರಾಕಿ ಎದುರಿಗೇ ನಿಂತು ಕೋಟಿನ ಅಳತೆ ಬಗ್ಗೆ ಮಾಸ್ಟರ ತಲೆ ತಿನ್ನುತ್ತಿದ್ದರೆ, ಇವರು ತಲೆ ಬಗ್ಗಿಸಿ ಹೆಣೆಯುತ್ತಲೇ ಅವನ ಹೊಟ್ಟೆಯ ಸುತ್ತಳತೆಯ ಮೇಲೆ ಮೊಣಕಾಲಲ್ಲಿ ಒಂದು ದೊಡ್ಡ ಚರ್ಚೆ ನಡೆಸಿ ಮುಗಿಸಿರುತ್ತಿದ್ದರು. ಮಾಸ್ಟರನ್ನೂ ಬಿಟ್ಟವರಲ್ಲ. ಪಾಪ, ಆ ಮನುಷ್ಯ "ಎಷ್ಟು ಗಂಭೀರವಾಗಿ ಕೆಲಸ ಮಾಡ್ತಾರೆ ನೋಡಿ" ಎಂದು ಬಂದವರಿಗೆಲ್ಲ ಹೊಗಳುತ್ತಿದ್ದರು.

ಚಿಕ್ಕ ಕಾಜಾಳ ಮಗಳಿಗೆ ಕಿವಿ ಕೇಳಿಸುತ್ತಿತ್ತು. ಆದರೂ ಬಾಯಿಮಾತಿಗಿಂತ ಮುಂಚೆ ಅವಳಿಗೆ ಕೈಮಾತು ಬಂತು. ಆಸ್ಪತ್ರೆಗೆ, ಬ್ಯಾಂಕಿಗೆ, ಮನೆ ಮಾಲೀಕರ ಮುಂದೆ, ಎಲ್ಲ ಕಡೆ ಅವಳೇ ಅಮ್ಮನ ಬಾಯಿ, ದೊಡ್ಡಮ್ಮನ ಬಾಯಿ. ಗಾಳಿಯಲ್ಲಿ ಆಡುವ ಸನ್ನೆ ಒಂದೂ ಅವಳ ಕಣ್ಣಿಗೆ ತಪ್ಪುತ್ತಿರಲಿಲ್ಲ. ಮುಟ್ಟಿ ಆಡುವ ಮಾತನ್ನು ಮಾತ್ರ ಅವಳಿಗೆ ಯಾರೂ ಹೇಳಿಕೊಡಲಿಲ್ಲ, ಅಂಥದ್ದೊಂದು ಇದೆ ಎಂದೂ ಹೇಳಲಿಲ್ಲ. "ಇದೊಂದಾದ್ರೂ ನಮ್ಮಿಬ್ಬರದೇ ಇರ್ಲಿ" ಎಂದಿದ್ದಳು ಅಕ್ಕ. ಅದರಲ್ಲಿ ಸ್ವಲ್ಪ ಸ್ವಾರ್ಥವೂ ಇತ್ತು ಎನ್ನಿ. ಮಗಳ ಹುಡುಗಾಟ, ಅವಳ ಅಂಕ, ಅವಳ ಹಿಂದೆ ಬಿದ್ದಿದ್ದ ಹುಡುಗರು, ಎಲ್ಲವನ್ನೂ ಇಬ್ಬರೂ ಅವಳ ಮುಂದೆಯೇ ಕೂತು ಚರ್ಚಿಸಬೇಕಿತ್ತಲ್ಲ! ಇಬ್ಬರು ಮುದುಕಿಯರು ಮೈಗೆ ಮೈ ತಾಗಿಸಿ ಕೂರುವುದು ಅವರ ಚಾಳಿ ಎಂದೇ ಮಗಳು ತಿಳಿದಿದ್ದಳು.

ಈ ಮಗಳು ಓದಿ, ವಿಶ್ವವಿದ್ಯಾಲಯದ ಒಂದು ವಿಭಾಗದಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿ ಸನ್ನೆಗಳ ಭಂಡಾರ ಕಟ್ಟುತ್ತಿದ್ದರು. ವಯಸ್ಸಾದ ಕಿವುಡರನ್ನು ಕರೆಸಿ, ಮಾತಾಡಿಸಿ, ವಿಡಿಯೊ ಮಾಡಿ, ಒಂದೊಂದು ಸನ್ನೆಯನ್ನೂ ಬೇರೆ ಬೇರೆ ಕತ್ತರಿಸಿ ಕಂಪ್ಯೂಟರಿಗೆ ತುಂಬುವುದು. ಯಾವ ಕೈ, ಬೆರಳು ಹೇಗಿವೆ, ಮೈಯ ಯಾವ ಭಾಗದಲ್ಲಿ, ಯಾವ ಕಡೆಗೆ ಚಲನೆ, ಅರ್ಥವೇನು. ತೆರೆಯ ಮೇಲೆ ಮನುಷ್ಯನ ಮೈಯ ಒಂದು ಚಿತ್ರ, ಹಣೆ, ಗಲ್ಲ, ಎದೆ ಎಂದು ಗೆರೆ ಎಳೆದು ಭಾಗ ಮಾಡಿದ್ದು. ಸನ್ನೆ ಎಲ್ಲಿ ಆಯಿತೋ ಅಲ್ಲಿ ಒತ್ತಿದರೆ ಸರಿ. ಹೀಗೆ ತುಂಬಿಟ್ಟರೆ ಯಾವ ಮೂಲೆಯಲ್ಲಿ ಕೂತವರಾದರೂ ಒಂದು ಸನ್ನೆಯನ್ನು ಹುಡುಕಿ ತೆಗೆಯಬಹುದು, ಎರಡು ಕಾಲದ ಸನ್ನೆಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಒಳ್ಳೆಯ ಕೆಲಸವೇ. ಏಟು ತಿಂದ ಕೈಗಳನ್ನು ಕರೆದು ಕೂರಿಸಿ "ನೀವು ಆಡಿದ್ದು ಭಾಷೆ" ಎಂದು ಹೇಳುವ ಕೆಲಸವನ್ನು ನಾನು ಕೆಟ್ಟದ್ದೆನ್ನಲಾರೆ.

"ಅಮ್ಮ, ನೀನೂ ದೊಡ್ಡಮ್ಮನೂ ಬರ್ಬೇಕು" ಎಂದು ಮಗಳು ದುಂಬಾಲು ಬಿದ್ದಳು. ಅಕ್ಕ ಮೊದಲು ಮೂಗು ಮುರಿದಳು. ಆಮೇಲೆ ಅವಳೇ ಮುಂದಾಗಿ ಹೊಸ ಅಂಗಿ ಹೊಲಿಸಿಕೊಂಡಳು. ಗೋಡೆಗೆ ನೀಲಿ ಬಟ್ಟೆ ಇಳಿಬಿಟ್ಟಿದ್ದ ಕೋಣೆ, ಕಣ್ಣು ಕೋರೈಸುವ ದೀಪ, ಪಕ್ಕಪಕ್ಕ ಎರಡು ಸ್ಟೂಲು, ಒಬ್ಬೊಬ್ಬರ ಮುಂದೆ ಒಂದೊಂದು ಕ್ಯಾಮೆರಾ. ವಿಭಾಗದ ಮೇಡಂ ಒಳ್ಳೆಯ ಹೆಂಗಸು. ತನಗೆ ಬರುವ ಅರೆಬರೆ ಸನ್ನೆಯಲ್ಲೇ "ಮನೇಲಿ ಹೇಗೆ ಮಾತಾಡ್ತೀರೋ ಹಾಗೇ ಮಾತಾಡಿ, ನಾವು ಇಲ್ಲಿಲ್ಲ ಅಂದ್ಕೊಳ್ಳಿ" ಎಂದರು. ಅಕ್ಕತಂಗಿ ಹಾಗೇ ಮಾಡಿದರು. ಸ್ಟೂಲುಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ಅಕ್ಕ ತಂಗಿಯ ಕಿವಿಯ ಹಿಂದೆ ಬೆರಳಿಟ್ಟು ಕರೆಯುವಳು, ತಂಗಿ ತಿರುಗುವಳು, ಆಮೇಲೆ ಕೈ ಎತ್ತಿ ಮಾತು. ಹಲವು ದಿನ ಹೋಗಿ ಬಂದರು. ಕ್ಯಾಮೆರಾ ಕಣ್ಣಿನ ಹಾಗೆ, ಎದುರಿಗಿದ್ದದ್ದನ್ನೆಲ್ಲ ನೋಡುತ್ತದೆ, ನೋಡಿದ್ದನ್ನೆಲ್ಲ ಇಟ್ಟುಕೊಳ್ಳುತ್ತದೆ ಎಂದು ಚಿಕ್ಕ ಕಾಜಾ ನಂಬಿದಳು. ಮನೆಗೆ ಬರುವಾಗ ಬಸ್ಸಿನಲ್ಲಿ ಅಕ್ಕ ಮೊಣಕೈಯಲ್ಲಿ ಕುಟ್ಟಿ ಹೇಳಿದಳು: "ನಮ್ಮ ಗುಟ್ಟೆಲ್ಲ ಒಳಗೆ ಹೋಯ್ತು. ನಿನ್ನ ಮಗಳಿಗೆ ಗೊತ್ತೇ ಆಗ್ಲಿಲ್ಲ!"

ಮಗಳಿಗೆ ನಿಜವಾಗಿಯೂ ಗೊತ್ತಾಗಲಿಲ್ಲ.

ಅಕ್ಕ ಹೋದದ್ದು ಅದಾದ ಮುಂದಿನ ಚಳಿಗಾಲದಲ್ಲಿ. ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಿತ್ತು. ಆಸ್ಪತ್ರೆಯಲ್ಲಿ ಎರಡು ಕೈಗೂ ಸೂಜಿ ಚುಚ್ಚಿ, ಮಣಿಕಟ್ಟಿನ ಸುತ್ತ ಪಟ್ಟಿ ಬಿಗಿದಿದ್ದರು. ಕಣ್ಣು ಮುಚ್ಚಿದವಳಿಗೆ ಸನ್ನೆ ಕಾಣಿಸುವುದಿಲ್ಲ. ಕರೆಯಬೇಕೆಂದರೆ ಇದ್ದದ್ದು ಮಣಿಕಟ್ಟು ಒಂದೇ. ಚಿಕ್ಕ ಕಾಜಾ ಪಟ್ಟಿಯ ಮೇಲೆಯೇ ಹೆಬ್ಬೆರಳು ಒತ್ತಿದಳು. ಯಂತ್ರ ಕಿರುಚಿರಬೇಕು, ನರ್ಸು ಓಡಿಬಂದು ಅವಳ ಕೈ ಸರಿಸಿದಳು. "ಪಟ್ಟಿ ಸ್ವಲ್ಪ ಮೇಲೆ ಮಾಡೋಕೆ ಹೇಳು, ಈ ಜಾಗ ಬಿಡಿಸೋಕೆ ಹೇಳು" ಎಂದು ಚಿಕ್ಕ ಕಾಜಾ ಮಗಳನ್ನು ಅಂಗಲಾಚಿದಳು. "ಅಮ್ಮನಿಗೆ ಕೈ ಹಿಡ್ಕೊಂಡು ಕೂರಬೇಕಂತೆ" ಎಂದು ಮಗಳು ನರ್ಸಿಗೆ ಹೇಳಿದಳು. "ಬೆರಳು ಹಿಡ್ಕೊಳ್ಳೋಕೆ ಹೇಳಿ" ಎಂದು ನರ್ಸು ಹೇಳಿ ಹೋದಳು. ಬೆರಳು ಹಿಡಿದರೆ ಯಾರ ಹೆಸರೂ ಆಗುವುದಿಲ್ಲ. ಅಕ್ಕನನ್ನು ಅವಳ ಹೆಸರಿನಿಂದ ಯಾರೂ ಕರೆಯದೆ ಅಕ್ಕ ಹೋದಳು. ಈ ಮಾತನ್ನು ಬರೆಯುವಾಗ ನನಗೂ ಸಂಕಟವಾಗುತ್ತದೆ.

ಆಮೇಲಿನ ದಿನಗಳನ್ನು ಹೇಗೆ ಹೇಳುವುದು? ಚಿಕ್ಕ ಕಾಜಾ ಕೆಲಸಕ್ಕೆ ಹೋಗುತ್ತಿದ್ದಳು. ಬೆಂಚಿನಲ್ಲಿ ಈಗ ಬೇಕಾದಷ್ಟು ಜಾಗ. ಗಿರಾಕಿ ಬಡಾಯಿ ಕೊಚ್ಚುವಾಗ ಮೊಣಕೈ ತಾನಾಗಿ ಪಕ್ಕಕ್ಕೆ ಹೋಗುವುದು, ತಾಗಲು ಏನೂ ಸಿಗದೆ ಹಿಂದಕ್ಕೆ ಬರುವುದು. ಮಾಸ್ಟರು ಏನಾದರೂ ಹೇಳಬೇಕಾದರೆ ಭುಜ ತಟ್ಟುತ್ತಿದ್ದರು. ಮಗಳು ಕೋಣೆಯ ದೀಪ ಆರಿಸಿ ಹಚ್ಚಿ ಕರೆಯುತ್ತಿದ್ದಳು. ಭುಜವೆಂದರೆ ಯಾರದ್ದನ್ನಾದರೂ ತಟ್ಟಬಹುದು, ದೀಪ ಎಲ್ಲರಿಗೂ ಮಿನುಗುತ್ತದೆ. ಇಡೀ ಜಗತ್ತಿನಲ್ಲಿ ಅವಳನ್ನೇ, ಅವಳೊಬ್ಬಳನ್ನೇ ಕರೆಯುವವರು ಯಾರೂ ಇರಲಿಲ್ಲ. ತಲೆ ಬಾಚಿಕೊಳ್ಳುವಾಗ ತನ್ನ ಬೆರಳನ್ನೇ ಕಿವಿಯ ಹಿಂದೆ ಇಟ್ಟು ನೋಡಿದಳು. ತನ್ನನ್ನು ತಾನೇ ಕರೆದುಕೊಂಡರೆ ಹೋಗುವುದು ಎಲ್ಲಿಗೆ? ಕೈ ತೆಗೆದುಬಿಟ್ಟಳು.

ಆಗ ಅವಳಿಗೆ ನೆನಪಾಯಿತು. ಅಕ್ಕ ಅಲ್ಲಿದ್ದಾಳಲ್ಲ, ಮಗಳ ಕಂಪ್ಯೂಟರಿನಲ್ಲಿ! ಅಲ್ಲಿ ಕೂತು ದಿನವಿಡೀ ನನ್ನನ್ನು ಕರೆದದ್ದೆಲ್ಲ ಹಾಗೇ ಇರುತ್ತದಲ್ಲ! ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮೈಗೆ ತಾಗದಿದ್ದರೂ ಪರವಾಗಿಲ್ಲ, ಕಣ್ಣಿಂದ ನೋಡಿದರೆ ಸಾಕು. ಮರುದಿನವೇ ಮಾಸ್ಟರಿಗೆ ಹೇಳಿ ರಜೆ ಹಾಕಿ, ಒಳ್ಳೆಯ ಬಟ್ಟೆ ಉಟ್ಟು, ಯಾರದೋ ಮನೆಗೆ ನೆಂಟಳಾಗಿ ಹೊರಟವಳ ಹಾಗೆ ಬಸ್ಸು ಹತ್ತಿದಳು.

ಅಮ್ಮ ತಾನಾಗಿ ವಿಭಾಗಕ್ಕೆ ಬಂದದ್ದು ನೋಡಿ ಮಗಳಿಗೆ ಹಿಗ್ಗೋ ಹಿಗ್ಗು. ಕುರ್ಚಿ ಹಾಕಿ ತೆರೆಯ ಮುಂದೆ ಕೂರಿಸಿದಳು. ಅಕ್ಕ ಕಾಣಿಸಿಕೊಂಡಳು. ನೀಲಿ ಬಟ್ಟೆಯ ಮುಂದೆ, ಹೊಸ ಅಂಗಿಯಲ್ಲಿ, ನೆಟ್ಟಗೆ. "ಕತ್ತರಿ" ಎಂದಳು. ಕೈ ಇಳಿಸಿದಳು, ಮುಗಿಯಿತು. ಇನ್ನೊಂದು ಒತ್ತಿದರೆ "ಮೇಣ". ಇನ್ನೊಂದಕ್ಕೆ "ಜಿಪುಣ", ಅದನ್ನು ಹೇಳುವಾಗ ಮಾಸ್ಟರ ಮುಖದ ಅಣಕವೂ ಇತ್ತು. ಚಿಕ್ಕ ಕಾಜಾ ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. "ಇಷ್ಟು ನೆಟ್ಟಗೆ ಅವಳು ಜನ್ಮದಲ್ಲಿ ಕೂತಿರ್ಲಿಲ್ಲ" ಎಂದಳು. ಸ್ವಲ್ಪ ಹೊತ್ತು ನೋಡಿ, "ಈಗ ನನ್ನನ್ನ ಕರೆಯೋದು ತೋರಿಸು" ಎಂದಳು.

ಮಗಳು 'ತಂಗಿ' ಎಂಬ ಸನ್ನೆಯನ್ನು ಹುಡುಕಿ ತೆಗೆದಳು. ಎಲ್ಲ ಕಿವುಡರೂ ಮಾಡುವ ಸನ್ನೆ. ಅಕ್ಕ ಕ್ಯಾಮೆರಾ ನೋಡಿಕೊಂಡು ಪಾಠ ಒಪ್ಪಿಸುವವಳ ಹಾಗೆ ಅದನ್ನು ಮಾಡಿ ಕೈ ಇಳಿಸಿದಳು.

"ಇದಲ್ಲ. ಕರೆಯೋದು."

"ಯಾವುದಮ್ಮ?"

"ಈ ಜಿಪುಣ ಅನ್ನೋದು ತೆಗಿ. ಇದಕ್ಕೂ ಸ್ವಲ್ಪ ಮುಂಚೆ ತೋರಿಸು."

"ಇದಕ್ಕೂ ಮುಂಚೆ ಏನಿಲ್ಲಮ್ಮ. ಕೈ ತೊಡೆ ಬಿಟ್ಟು ಎದ್ದಾಗಿಂದ ವಾಪಸ್ ಇಳಿಯೋವರೆಗೆ ಇಟ್ಕೊಳ್ತೀವಿ. ಅದು ನಮ್ಮ ಪದ್ಧತಿ."

"ಕೈ ಎತ್ತೋಕೆ ಮುಂಚೆ ಅವಳು ನನ್ನ ಮುಟ್ಟಿದ್ಲು. ಕಿವಿ ಹಿಂದೆ. ಪ್ರತಿ ಸಲ ಮುಟ್ಟಿದ್ಲು. ಅದು ಬೇಕು."

"ಓ, ಅದಾ? ದೊಡ್ಡಮ್ಮ ನಿನ್ನ ಕೂದಲು ಸರಿ ಮಾಡ್ತಾನೇ ಇರ್ತಿದ್ರು. ಅದನ್ನ 'ಸ್ಪರ್ಶ' ಅಂತ ಗುರುತು ಹಾಕಿ ಕೈಬಿಟ್ಟೆ. ಸನ್ನೆ ಅಲ್ವಲ್ಲ ಅದು" ಎಂದ ಮಗಳು, ಅಮ್ಮನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು.

ದರ್ಜಿ ಅಂಗಡಿಯಲ್ಲಿ ಜೀವ ತೇಯ್ದ ಚಿಕ್ಕ ಕಾಜಾಳಿಗೆ ಕತ್ತರಿಸುವುದು ಎಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. "ಕತ್ತರಿಸಿದ ಮೇಲೆ ಮಿಕ್ಕ ಚೂರು ಎಲ್ಲಿಟ್ಟಿದ್ದೀರ?" ಎಂದು ಕೇಳಿದಳು.

ಪೂರ್ತಿ ವಿಡಿಯೊಗಳು ಬಹಳ ಜಾಗ ಹಿಡಿಯುತ್ತವೆ. ಸನ್ನೆ ಕತ್ತರಿಸಿ, ಪರೀಕ್ಷೆ ಮಾಡಿ, ಭಂಡಾರಕ್ಕೆ ಹಾಕಿದ ಮೇಲೆ ಅಳಿಸಿಬಿಡುವುದು ಅಲ್ಲಿಯ ವಾಡಿಕೆ. ದೊಡ್ಡಮ್ಮ ಆಸ್ಪತ್ರೆ ಸೇರುವ ಮುಂಚೆಯೇ ಮಗಳು ತನ್ನ ಕೈಯಾರೆ ಅಳಿಸಿದ್ದಳು. "ಇಲ್ಲಮ್ಮ" ಎಂದಳು. "ಇಲ್ಲ."

"ಅದು ನನ್ನ ಹೆಸರು" ಎಂದಳು ಚಿಕ್ಕ ಕಾಜಾ.

ಅಲ್ಲಿಯೇ, ಆ ಕುರ್ಚಿಯಲ್ಲೇ ಕೂತು ಅಮ್ಮ ಎಲ್ಲವನ್ನೂ ಹೇಳಿದಳು. ಡೆಸ್ಕು, ಸ್ಕೇಲು, ಹಿಂಡಿದ ಕಿವಿ, ಮೊಣಕಾಲು, ಮಣಿಕಟ್ಟು. ಮಣಿಕಟ್ಟಿನ ಮಾತು ಬಂದಾಗ ಮಗಳಿಗೆ ಆಸ್ಪತ್ರೆಯಲ್ಲಿ ತಾನು ನರ್ಸಿಗೆ ಹೇಳಿದ್ದು ನೆನಪಾಗಿ ಮುಖ ಮುಚ್ಚಿಕೊಂಡಳು. ಮುಖ ಮುಚ್ಚಿಕೊಂಡರೆ ಅಮ್ಮನ ಮಾತು ಕಾಣಿಸುವುದಿಲ್ಲ. ಅಮ್ಮ ಅವಳ ಕೈ ಬಿಡಿಸಿ ಹೇಳಿದಳು: "ನಾನು ಹೇಳ್ಲಿಲ್ಲ, ನೀನು ಕೇಳ್ಲಿಲ್ಲ. ಅತ್ತು ಏನ್ ಮಾಡ್ತೀಯ ಈಗ?" ಹೇಳಿದಳೇ ಹೊರತು ಅವಳಿಗೂ ಸಿಟ್ಟು ನೆತ್ತಿಗೇರಿತ್ತು. ಮನೆಗೆ ಬಂದವಳೇ ಬಾಗಿಲು ಹಾಕಿಕೊಂಡ ರಭಸಕ್ಕೆ ಕೆಳಗಿನ ಮನೆಯವರು ಹೊರಗೆ ಬಂದು ಮೇಲೆ ನೋಡಿದರು. ಅಕ್ಕನನ್ನು ಎರಡನೆಯ ಸಲ ಕಳೆದುಕೊಂಡವಳ ಸಿಟ್ಟು ಅದು. ಮಗಳ ಜೊತೆ ಹಲವು ದಿನ ಮಾತಿಲ್ಲ, ಮಗಳು ಕಂಡರೆ ಮುಖ ಆಚೆ.

ಮಗಳು ಸುಮ್ಮನೆ ಕೂರಲಿಲ್ಲ. ಮೇಡಂ ಮುಂದೆ ಹೋಗಿ ಇದ್ದದ್ದು ಇದ್ದಹಾಗೆ ಹೇಳಿದಳು. ಮೇಡಂ ವಿಭಾಗದ ಹಳೆಯ ಡಿಸ್ಕುಗಳನ್ನೆಲ್ಲ ತೆಗೆಸಿ, ಕಂಪ್ಯೂಟರ್ ಬಲ್ಲವನನ್ನು ಕೂರಿಸಿ ಹುಡುಕಿಸಿದರು. ಒಂದು ತುಣುಕೂ ಸಿಗಲಿಲ್ಲ. ಆಮೇಲೆ ಭಂಡಾರದಲ್ಲಿ ಹೊಸದೊಂದು ಕಾಲಂ ಸೇರಿಸಿದರು: 'ಯಾರ ಮೈಯ ಮೇಲೆ'. ಅಲ್ಲಿಯವರೆಗೆ ಸನ್ನೆ ಎಂದರೆ ಮಾಡುವವರ ಮೈಯ ಮೇಲೆಯೇ ಆಗುವುದು ಎಂದು ಎಲ್ಲರೂ ಎಣಿಸಿದ್ದರು. "ಇನ್ನೊಂದು ಸಲ ಬನ್ನಿ" ಎಂದು ಮೇಡಂ ಮನೆಗೇ ಬಂದು ಕೇಳಿದರು. "ಉಳಿದದ್ದನ್ನಾದ್ರೂ ಉಳಿಸ್ಕೊಳ್ಳೋಣ. ನಿಮ್ಮ ಅಕ್ಕನ ಜಾಗದಲ್ಲಿ ನಿಮ್ಮ ಮಗಳು ಕೂರ್ತಾಳೆ."

ಬಾಗಿಲ ಹತ್ತಿರ ನಿಂತಿದ್ದ ಮಗಳು ಸೊರಗಿ ಕಡ್ಡಿಯಾಗಿದ್ದಳು. ಚಿಕ್ಕ ಕಾಜಾ ಅದನ್ನು ನೋಡಿದಳು. "ಬರ್ತೀನಿ" ಎಂದಳು.

ಈ ಸಲ ಒಂದೇ ಕ್ಯಾಮೆರಾ, ಇಬ್ಬರನ್ನೂ ಒಟ್ಟಿಗೆ ನೋಡುವಂತೆ ಇಟ್ಟದ್ದು. ಚಿಕ್ಕ ಕಾಜಾ ಮಗಳ ಮೈಯ ಮೇಲೆ ಒಂದೊಂದೇ ಮಾತು ಆಡಿದಳು. ನೋಡು. ಸುಮ್ಮನಿರು. ಸುಳ್ಳ. ಹಸಿವಾ? ಸಾಕು, ಮನೆಗೆ ಹೋಗೋಣ. ಮಗಳ ಮೊಣಕಾಲಿಗೆ ಉತ್ತರ ಗೊತ್ತಿರಲಿಲ್ಲ. ಪ್ರತಿಯೊಂದಕ್ಕೂ ಹೇಳಿಕೊಡಬೇಕಾಯಿತು, ಇಲ್ಲಿ ಒತ್ತು, ಇಷ್ಟು ಜೋರಾಗಿ ಬೇಡ, ಈಗ ಬಿಡು. ಅಕ್ಕನ ಜೊತೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತಿದ್ದ ಮಾತಿಗೆ ಅರ್ಧ ದಿನ ಹಿಡಿಯಿತು. ಆದರೂ ಮಗಳು ಶ್ರದ್ಧೆಯಿಂದ ಕಲಿತಳು. ಕಿವಿಗೊಟ್ಟು ಕಲಿತಳು ಎನ್ನೋಣವೆಂದರೆ ಇಲ್ಲಿ ಆ ಮಾತು ಹೊಂದುವುದಿಲ್ಲ, ಮೈಯೆಲ್ಲ ಎಚ್ಚರ ಮಾಡಿಕೊಂಡು ಕಲಿತಳು. ಅಕ್ಕನ ಹೆಸರನ್ನು ತಾಯಿ ಅವಳ ಮಣಿಕಟ್ಟಿನಲ್ಲಿ ಒತ್ತಿ ತೋರಿಸಿದಳು. ಒತ್ತಿದ ಹೆಬ್ಬೆರಳನ್ನು ತೆಗೆಯಲು ಸ್ವಲ್ಪ ತಡವಾಯಿತು. ಯಾರೂ ಅವಸರ ಮಾಡಲಿಲ್ಲ.

ಕೊನೆಗೆ ಉಳಿದದ್ದು ಅವಳ ಹೆಸರು. ಇದನ್ನು ಮಗಳು ತಾಯಿಯ ಮೈಯ ಮೇಲೆ ಮಾಡಬೇಕು. ಚಿಕ್ಕ ಕಾಜಾ ಮಗಳ ಬೆರಳು ಹಿಡಿದು ಜಾಗ ತೋರಿಸಿದಳು, ಎಷ್ಟು ಒತ್ತಬೇಕು, ಎಲ್ಲಿಂದ ಇಳಿಸಬೇಕು ಎಂದು ಹೇಳಿಕೊಟ್ಟಳು. ಆಮೇಲೆ ಮುಂದಕ್ಕೆ ಮುಖ ಮಾಡಿ, ಬೆನ್ನು ನೇರ ಮಾಡಿ ಕೂತು ಕಾದಳು. ಮಗಳ ಬೆರಳು ಕಿವಿಯ ಹಿಂದೆ ಬಂದಿತು, ಮೆಲ್ಲಗೆ ಒತ್ತಿತು, ಕತ್ತಿನವರೆಗೆ ಇಳಿಯಿತು. ಎಲ್ಲವೂ ಸರಿಯಾಗಿತ್ತು. ಮೇಡಂ ಕ್ಯಾಮೆರಾದ ಹಿಂದಿನಿಂದ ಹೆಬ್ಬೆರಳು ಎತ್ತಿ ತೋರಿಸಿದರು.

ತುಂಬಿದ್ದನ್ನು ಸನ್ನೆ ಮಾಡಿದವರು ನೋಡಿ ಒಪ್ಪಬೇಕು ಎಂಬುದು ಅಲ್ಲಿಯ ನಿಯಮ. ತಾಯಿ ಮಗಳು ತೆರೆಯ ಮುಂದೆ ಕೂತರು. ತೆರೆಯಲ್ಲಿ ಮಗಳ ಬೆರಳು ಬಂದಿತು, ಒತ್ತಿತು, ಇಳಿಯಿತು. ಚಿಕ್ಕ ಕಾಜಾ ನೋಡಿದ್ದು ಬೆರಳನ್ನಲ್ಲ, ತನ್ನನ್ನು. ತೆರೆಯಲ್ಲಿದ್ದ ಮುದುಕಿ ಮುಂದಕ್ಕೆ ನೋಡುತ್ತಾ ಕೂತೇ ಇದ್ದಳು.

"ಸರಿ ಇದೆಯಾ ಅಮ್ಮ? ತಪ್ಪಿದ್ರೆ ಇನ್ನೊಂದು ಸಲ ಮಾಡ್ತೀನಿ. ನೂರು ಸಲ ಬೇಕಾದ್ರೂ ಮಾಡ್ತೀನಿ" ಎಂದಳು ಮಗಳು.

"ತಪ್ಪಿಲ್ಲ. ನೀನು ಚೆನ್ನಾಗೇ ಮಾಡಿದ್ದೀಯ. ನನ್ನ ಹೆಸರು ಹೀಗೇ" ಎಂದಳು ತಾಯಿ. ತೆರೆಯನ್ನು ತೋರಿಸಿ, "ನೋಡು, ನಾನು ತಿರುಗಿಲ್ಲ" ಎಂದಳು. "ತಿರುಗಬಾರದು ಅಂತಲ್ಲ. ತಿರುಗಬೇಕು ಅಂತ ಅನ್ನಿಸ್ಲೇ ಇಲ್ಲ."

ಮಗಳ ಕಣ್ಣಿಂದ ನೀರು ಧಾರೆಯಾಗಿ ಇಳಿಯತೊಡಗಿತು. "ದಿನಾ ಕರೀತೀನಿ ಅಮ್ಮ. ಅಭ್ಯಾಸ ಆಗುತ್ತೆ."

"ಬೇಡ ಮಗಳೇ. ಆ ಹೆಸರಿನವಳು ನಿಂಗೆ ಗೊತ್ತಿಲ್ಲ. ಅವಳನ್ನ ಕಂಡವಳು ಅಕ್ಕ ಒಬ್ಬಳೇ. ನೀನು ಅಮ್ಮ ಅಂತ ಕರಿ, ಅದಕ್ಕೆ ಸಾಯೋವರೆಗೂ ತಿರುಗ್ತೀನಿ."

ಭಂಡಾರದಲ್ಲಿ ಆ ಹೆಸರಿನ ಮುಂದೆ ಇನ್ನೊಂದೇ ಒಂದು ಕಾಲಂ ತುಂಬುವುದು ಬಾಕಿ ಇತ್ತು. ಇದೇನೆಂದು ತಾಯಿ ಕೇಳಿದಳು. ಈ ಸನ್ನೆ ಈಗ ಬಳಕೆಯಲ್ಲಿದೆಯೋ ಇಲ್ಲವೋ ಎಂದು ಹೇಳಬೇಕು ಎಂದು ಮಗಳು ತಿಳಿಸಿದಳು. ಎರಡು ಪುಟ್ಟ ಚೌಕಗಳು, ಎರಡರಲ್ಲಿ ಒಂದನ್ನು ಒತ್ತಬೇಕು. ಮೌಸಿನ ಮೇಲಿದ್ದ ಮಗಳ ಕೈ 'ಇದೆ' ಎಂಬುದರ ಹತ್ತಿರ ಹೋಗಿ ನಿಂತಿತು. ಅಲ್ಲಿಂದ ಅಲ್ಲಾಡಲಿಲ್ಲ, ಒತ್ತಲೂ ಇಲ್ಲ. ಚಿಕ್ಕ ಕಾಜಾ ಮಗಳ ಮುಖ ನೋಡಿದಳು. ಆಮೇಲೆ ಸೂಜಿ ಹಿಡಿದು ಗಟ್ಟಿಯಾದ ತನ್ನ ಕೈಯನ್ನು ಮಗಳ ಕೈಯ ಮೇಲಿಟ್ಟು, ಅದನ್ನು ಪಕ್ಕದ ಚೌಕದವರೆಗೆ ಸರಿಸಿ, 'ಇಲ್ಲ' ಎಂಬುದನ್ನು ಒತ್ತಿಸಿದಳು.